ದೀಪಾವಳಿ ಸೀರಿಯಲ್ ಸೆಟ್: 230 ವೋಲ್ಟ್ ಎಲ್ಲಿ ನಿಲ್ಲುತ್ತದೆ?

ಸೀರಿಯಲ್ ಸೆಟ್ಟಿನ ಒಂದು ಪುಟ್ಟ ಎಲ್‌ಇಡಿ ಬೆಳಗಲು ಎರಡು ಮೂರು ವೋಲ್ಟ್ ಸಾಕು. ಆದರೆ ಆ ಎಲ್‌ಇಡಿಗಳನ್ನು ಪೋಣಿಸಿರುವ ತೆಳ್ಳನೆಯ ವೈರಿನಲ್ಲಿ ಬಹಳಷ್ಟು ಸಲ ಇರುವುದು ಪೂರ್ತಿ 230 ವೋಲ್ಟ್. ಮಿಕ್ಸಿಗೆ, ಗೀಸರಿಗೆ ಹೋಗುತ್ತದಲ್ಲ, ಅದೇ ಕರೆಂಟು. ಅದನ್ನೇ ನಾವು ಕಬ್ಬಿಣದ ಗೇಟಿಗೆ ಸುತ್ತುತ್ತೇವೆ.

ದಸರಾ ಮುಗಿದ ಮೇಲೆ ಅಟ್ಟದಿಂದ ಡಬ್ಬ ಕೆಳಗಿಳಿಯುತ್ತದೆ. ಗಂಟುಬಿದ್ದ ಸರ ಬಿಡಿಸಿ, ಪ್ಲಗ್ಗಿಗೆ ಹಾಕಿ, ಉರಿದರೆ ಸರಿ, ಹೊರಗೆ ಕಟ್ಟುವುದು. ನಮ್ಮಲ್ಲಿ ಇದು ಒಂದು ರಾತ್ರಿಗೆ ಮುಗಿಯುವ ಅಲಂಕಾರವೂ ಅಲ್ಲ. ಕಾರ್ತಿಕ ಪೂರ್ತಿ ಇರುತ್ತದೆ, ಕೆಲವು ಮನೆಗಳಲ್ಲಿ ಕ್ರಿಸ್‌ಮಸ್ ನಕ್ಷತ್ರ ಬರುವ ತನಕ ಹಾಗೇ ನೇತಾಡುತ್ತದೆ. ಅದೇ ಹೊತ್ತಿಗೆ ಹಿಂಗಾರು ಮಳೆ. ಮನೆಯೊಳಗಿನ ವೈರಿಂಗ್ ಗೋಡೆಯೊಳಗೆ ಪೈಪಿನಲ್ಲಿ ಬೆಚ್ಚಗಿರುತ್ತದೆ. ಹೊರಗೆ ಎಳೆದ ವೈರಿಗೆ ಆ ರಕ್ಷಣೆ ಇಲ್ಲ; ಮಳೆ, ಬಿಸಿಲು, ಕಬ್ಬಿಣ, ಮಕ್ಕಳ ಕೈ ಎಲ್ಲವೂ ಅದಕ್ಕೆ ತಾಗುತ್ತವೆ.

ಆದ್ದರಿಂದ ಹೊರಗಿನ ಅಲಂಕಾರದ ವಿಷಯದಲ್ಲಿ ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: 230 ವೋಲ್ಟ್ ಎಲ್ಲಿ ನಿಲ್ಲುತ್ತದೆ? ಮನೆಯೊಳಗೇ ನಿಲ್ಲುತ್ತದಾ, ಗೇಟಿನ ತುದಿಯವರೆಗೂ ಹೋಗುತ್ತದಾ? ಉಳಿದ ಎಚ್ಚರಿಕೆಗಳೆಲ್ಲ ಇದರ ಉತ್ತರದ ಮೇಲೆ ನಿಂತಿವೆ.

ಮೊದಲು ಮೂರು ಪದ

ವೋಲ್ಟ್ ಎಂದರೆ ಕರೆಂಟನ್ನು ತಳ್ಳುವ ಒತ್ತಡ. ಆಂಪ್ ಎಂದರೆ ಆ ಒತ್ತಡಕ್ಕೆ ನಿಜವಾಗಿ ಎಷ್ಟು ಕರೆಂಟು ಹರಿಯಿತು ಅನ್ನುವ ಲೆಕ್ಕ; ಅದರ ಸಾವಿರದಲ್ಲೊಂದು ಭಾಗ ಮಿಲಿಆಂಪ್. ವೋಲ್ಟನ್ನೂ ಆಂಪನ್ನೂ ಗುಣಿಸಿದರೆ ಹೆಚ್ಚುಕಮ್ಮಿ ವ್ಯಾಟ್ ಸಿಗುತ್ತದೆ.

ನಮ್ಮ ಮೈಗೆ ಮುಖ್ಯವಾಗುವುದು ಮಿಲಿಆಂಪ್. ಸುಮಾರು 1 ಮಿಲಿಆಂಪ್ ಹರಿದರೆ ಜುಮ್ಮೆನ್ನುತ್ತದೆ. 10ರ ಆಸುಪಾಸಿಗೆ ಬಂದರೆ ಕೈಯ ಸ್ನಾಯು ಸೆಟೆದು ಮುಷ್ಟಿ ಬಿಗಿಯುತ್ತದೆ. ಹಿಡಿದ ತಂತಿಯನ್ನು ಬಿಡಬೇಕೆಂದರೂ ಬಿಡಲು ಆಗುವುದಿಲ್ಲ. 30 ದಾಟಿದರೆ ಉಸಿರಾಡುವ ಸ್ನಾಯುಗಳೂ ಹಿಡಿದುಕೊಳ್ಳಬಹುದು. 50ರಿಂದ 100ರ ಮಟ್ಟಕ್ಕೆ ಹೋದರೆ, ಒಂದೆರಡು ಸೆಕೆಂಡಿನಲ್ಲೇ ಹೃದಯದ ಬಡಿತ ಲಯ ತಪ್ಪಿ ಪ್ರಾಣ ಹೋಗಬಹುದು.

ಎಷ್ಟು ಹರಿಯುತ್ತದೆ ಅನ್ನುವುದನ್ನು ನಮ್ಮ ಚರ್ಮವೂ ನಿರ್ಧರಿಸುತ್ತದೆ. ಒಣ ಚರ್ಮ ಕರೆಂಟನ್ನು ಸಾಕಷ್ಟು ತಡೆಯುತ್ತದೆ. ಚೆನ್ನಾಗಿ ಒದ್ದೆಯಾದರೆ ಮೈಯ ತಡೆ ಸುಮಾರು 1000 ಓಮ್‌ಗೆ ಇಳಿಯುತ್ತದೆ. 230ನ್ನು 1000ದಿಂದ ಭಾಗಿಸಿ ನೋಡಿ: 0.23 ಆಂಪ್, ಅಂದರೆ 230 ಮಿಲಿಆಂಪ್. ಪ್ರಾಣ ಹೋಗಲು ಬೇಕಾದ್ದಕ್ಕಿಂತ ತುಂಬಾ ಜಾಸ್ತಿ.

ಇಲ್ಲಿ ಒಂದು ಮಾತು ತುಂಬಾ ಸಲ ಕೇಳಿಬರುತ್ತದೆ. "ಬರೀ 5 ವ್ಯಾಟ್ ಸೆಟ್ಟು ಸಾರ್, ಏನೂ ಆಗಲ್ಲ." ಐದು ವ್ಯಾಟ್ ಅನ್ನುವುದು ಆ ಸರ ತನಗೆ ಬೇಕೆಂದು ತೆಗೆದುಕೊಳ್ಳುವ ಪ್ರಮಾಣ. ಇನ್ಸುಲೇಷನ್ ಹರಿದ ಜಾಗದಲ್ಲಿ ನೀವು ಕರೆಂಟು ತರುವ ಫೇಸ್ ತಂತಿಯನ್ನೇ ಮುಟ್ಟಿದರೆ ಕರೆಂಟು ಎಲ್‌ಇಡಿಗಳನ್ನು ಕೇಳಿಕೊಂಡು ಬರುವುದಿಲ್ಲ, ನೇರ ನಿಮ್ಮ ಮೂಲಕ ಹೋಗುತ್ತದೆ. ಎಷ್ಟು ಹೋಗುತ್ತದೆ ಅನ್ನುವುದು ನಿಮ್ಮ ಮೈ ಎಷ್ಟು ಒದ್ದೆ ಇದೆ, ಕಾಲ ಕೆಳಗೆ ಏನಿದೆ ಅನ್ನುವುದರ ಮೇಲೆ. ಸೆಟ್ಟಿನ ವ್ಯಾಟಿಗೂ ಅದಕ್ಕೂ ಸಂಬಂಧವೇ ಇಲ್ಲ.

ನೆಲ ಯಾಕೆ ನಡುವೆ ಬರುತ್ತದೆ

ಕರೆಂಟು ಫೇಸ್ ತಂತಿಯಲ್ಲಿ ಬಂದು ನ್ಯೂಟ್ರಲ್ ತಂತಿಯಲ್ಲಿ ವಾಪಸ್ ಹೋಗುತ್ತದೆ. ಆ ನ್ಯೂಟ್ರಲನ್ನು ಟ್ರಾನ್ಸ್‌ಫಾರ್ಮರ್ ಹತ್ತಿರ ನೆಲಕ್ಕೆ ಜೋಡಿಸಿರುತ್ತಾರೆ. ಹಾಗಾಗಿ ನೆಲವೂ ಅದಕ್ಕೊಂದು ವಾಪಸ್ ದಾರಿ. ಫೇಸ್ ಮುಟ್ಟಿದವರು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತಿದ್ದರೆ ಆ ದಾರಿ ಅವರ ಮೂಲಕವೇ ತೆರೆದುಕೊಳ್ಳುತ್ತದೆ.

ನರಕ ಚತುರ್ದಶಿಯ ಬೆಳಗಿನ ಜಾವ ಅಂಗಳದಲ್ಲಿ ಏನೇನು ನಡೆಯುತ್ತದೆ ನೋಡಿ. ಎಣ್ಣೆಸ್ನಾನ ಆಗಿ ತಲೆಗೂದಲು ಇನ್ನೂ ತೊಟ್ಟಿಕ್ಕುತ್ತಿರುತ್ತದೆ. ಚಪ್ಪಲಿ ಹಾಕುವ ಪ್ರಶ್ನೆಯೇ ಇಲ್ಲ. ಬಾಗಿಲಿಗೆ ನೀರು ಹಾಕಿ, ರಂಗೋಲಿ ಇಟ್ಟು, ಏಳುವಾಗ ಗೇಟನ್ನು ಹಿಡಿದುಕೊಂಡು ಏಳುತ್ತಾರೆ. ರಾತ್ರಿಯಿಡೀ ಉರಿದ ಸರ ಆ ಗೇಟಿನ ಮೇಲೇ ಇರುತ್ತದೆ. ಒದ್ದೆ ಮೈ, ಬರಿಗಾಲು, ನೀರು ಚೆಲ್ಲಿದ ನೆಲ, ಕಬ್ಬಿಣ, ನಾಲ್ಕೂ ಒಂದೇ ಕಡೆ. ವರ್ಷದ ಬೇರೆ ಯಾವ ದಿನವೂ ಇಷ್ಟು ಸರಿಯಾಗಿ ಕೂಡಿಬರುವುದಿಲ್ಲ. ನೀರು ಹಾಕುವ ಮೊದಲು ಪ್ಲಗ್ ಕಿತ್ತಿಡುವುದು ಒಂದು ನಿಮಿಷದ ಕೆಲಸ.

ಸರದ ಒಳಗೆ ಏನಿದೆ

ಹಳೇ ಕಾಲದ ಸೀರಿಯಲ್ ಸೆಟ್ಟಿನಲ್ಲಿ 6 ವೋಲ್ಟಿನ ಪುಟ್ಟ ಬಲ್ಬುಗಳನ್ನು ಒಂದರ ಹಿಂದೆ ಒಂದು ಸುಮಾರು 40 ಪೋಣಿಸುತ್ತಿದ್ದರು. 230 ವೋಲ್ಟ್ ಅಷ್ಟೂ ಬಲ್ಬಿಗೆ ಹಂಚಿಹೋಗಿ ಒಂದೊಂದಕ್ಕೆ ಆರರ ಹತ್ತಿರ ಸಿಗುತ್ತಿತ್ತು. ಸುಟ್ಟ ಬಲ್ಬುಗಳನ್ನು ಕತ್ತರಿಸಿ ತೆಗೆದು ವೈರು ಸೇರಿಸಿಬಿಟ್ಟರೆ ಉಳಿದವಕ್ಕೆ ಪಾಲು ಜಾಸ್ತಿ. ಹತ್ತು ತೆಗೆದರೆ 30 ಬಲ್ಬಿಗೆ ತಲಾ 7.7 ವೋಲ್ಟ್. ಬೆಳಕೇನೋ ಜೋರು ಬರುತ್ತದೆ, ಬಿಸಿಯೂ ಏರುತ್ತದೆ. ಒಣಗಿದ ಮಾವಿನ ತೋರಣ, ಪ್ಲಾಸ್ಟಿಕ್ ಹೂವಿನ ಪಕ್ಕದಲ್ಲಿ ಅದು ಒಳ್ಳೆಯ ಸುದ್ದಿಯಲ್ಲ.

ಇಂಥ ಸರದಲ್ಲಿ ಒಂದು ಬಲ್ಬು ಹೋದರೆ ಇಡೀ ಸರ ಕತ್ತಲು. ಕತ್ತಲಾಯಿತು ಎಂದರೆ ಕರೆಂಟಿಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ನಡೆಯುವುದು ಇದರ ತಿರುಗುಮುರುಗು. ಹರಿವು ನಿಂತಾಗ 40 ಬಲ್ಬಿಗೆ ಹಂಚಿಹೋಗುತ್ತಿದ್ದ 230 ವೋಲ್ಟೂ ಆ ಒಂದು ಖಾಲಿ ಹೋಲ್ಡರಿನ ಎರಡು ತುದಿಗಳ ನಡುವೆ ಬಂದು ಕೂರುತ್ತದೆ. ಯಾವ ಬಲ್ಬ್ ಹೋಗಿದೆ ಎಂದು ಒಂದೊಂದನ್ನೇ ಕಿತ್ತು, ಒತ್ತಿ, ತಿರುಗಿಸಿ ನೋಡುವವರ ಬೆರಳು ಹೋಗುವುದು ಅದೇ ಜಾಗಕ್ಕೆ. ಪ್ಲಗ್ ಸಾಕೆಟ್ಟಿನಿಂದ ಹೊರಗೆ ಬಂದ ಮೇಲೆ ಹುಡುಕಿದರೆ ಅಪಾಯವೇ ಇಲ್ಲ.

ಈಗಿನ ಎಲ್‌ಇಡಿ ಸರ ಬಿಸಿಯಾಗುವುದಿಲ್ಲ, ಕರೆಂಟ್ ಬಿಲ್ಲೂ ಕಮ್ಮಿ. ಆದರೆ ಅಗ್ಗದ ಸೆಟ್‌ಗಳಲ್ಲಿ ಪ್ಲಗ್ಗಿನ ಪಕ್ಕದಲ್ಲಿರುವ ಆ ಸಣ್ಣ ಪ್ಲಾಸ್ಟಿಕ್ ಡಬ್ಬಿ ದೀಪಗಳನ್ನು ಮಿನುಗಿಸುತ್ತದೆ ಅಷ್ಟೇ. ವೋಲ್ಟೇಜನ್ನು ಅದು ಇಳಿಸುವುದಿಲ್ಲ. ಡಬ್ಬಿಯಿಂದ ಮುಂದೆಯೂ ಹೋಗುವುದು ಮನೆಯ ಕರೆಂಟೇ. ಡಬ್ಬಿಯ ಬಟನ್ ಒತ್ತಿ ದೀಪ ಆರಿಸಿದರೂ ವೈರಿನಲ್ಲಿ ಫೇಸ್ ಉಳಿದಿರಬಹುದು. ಇವಕ್ಕೆ ಎರಡು ಪಿನ್ನಿನ ಪ್ಲಗ್. ಹೇಗೆ ಬೇಕಾದರೂ ತಿರುಗಿಸಿ ಹಾಕಬಹುದು. ಹೀಗಾಗಿ ಯಾವ ತಂತಿ ಫೇಸ್, ಯಾವುದು ನ್ಯೂಟ್ರಲ್ ಎಂದು ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ.

ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ರೋಪ್ ಲೈಟ್, ಸ್ಟ್ರಿಪ್ ಲೈಟ್‌ಗಳಲ್ಲಿ ನೇರ 230ಕ್ಕೆ ಹಾಕುವ ಬಗೆಯೇ ಜಾಸ್ತಿ ಕಾಣುತ್ತದೆ. ಅದರ ಕತ್ತರಿಸಿದ ತುದಿಯನ್ನು ಹತ್ತಿರದಿಂದ ನೋಡಿ: ಪಾರದರ್ಶಕ ಪ್ಲಾಸ್ಟಿಕ್ಕಿನ ನಡುವೆ ಎರಡು ತಾಮ್ರದ ಚುಕ್ಕಿಗಳು ಹೊಳೆಯುತ್ತಿರುತ್ತವೆ. ಪ್ಲಗ್ ಹಾಕಿದಾಗ ಅವುಗಳಲ್ಲೂ ಕರೆಂಟು ಇರುತ್ತದೆ. ಆ ತುದಿಗೆ ಪ್ಲಾಸ್ಟಿಕ್ ಕ್ಯಾಪ್ ಬರುತ್ತದೆ, ಅಂಗಡಿಯವರು ಕೊಡಲು ಮರೆಯುತ್ತಾರೆ. ಕೇಳಿ ತೆಗೆದುಕೊಳ್ಳಿ.

ಎಂಸಿಬಿ ಇದೆಯಲ್ಲ, ಬೀಳಲ್ವಾ?

ಬೀಳುವುದಿಲ್ಲ. ಎಂಸಿಬಿ, ಅಂದರೆ ಮನೆಯ ಬೋರ್ಡಿನಲ್ಲಿ ತಾನಾಗಿ ಬೀಳುವ ಸ್ವಿಚ್, ಇರುವುದು ವೈರನ್ನು ಕಾಪಾಡಲು. ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಅದು ಕೆಳಗೆ ಬೀಳುತ್ತದೆ. ಲೈಟಿನ ಸರ್ಕಿಟ್ಟಿಗೆ ಸಾಮಾನ್ಯವಾಗಿ ಹಾಕುವ 6 ಆಂಪಿನ ಎಂಸಿಬಿ ತೆಗೆದುಕೊಳ್ಳಿ. ಆರು ಆಂಪ್ ಎಂದರೆ 6000 ಮಿಲಿಆಂಪ್. ಉಸಿರು ಹಿಡಿಯುವ 30 ಮಿಲಿಆಂಪಿಗಿಂತ 200 ಪಟ್ಟು. ಒಬ್ಬರಿಗೆ ಶಾಕ್ ಹೊಡೆಯುತ್ತಿದ್ದರೆ ಎಂಸಿಬಿಯ ಪಾಲಿಗೆ ಅದು ಇನ್ನೊಂದು ಸಣ್ಣ ಬಲ್ಬ್ ಹಾಕಿದಂತೆ, ಅಷ್ಟೇ.

ಮನುಷ್ಯರನ್ನು ಕಾಪಾಡಲೆಂದೇ ಇರುವುದು ಆರ್‌ಸಿಸಿಬಿ. ಹಳೇ ಎಲೆಕ್ಟ್ರೀಷಿಯನ್‌ಗಳು ಇದನ್ನೂ ಇಎಲ್‌ಸಿಬಿ ಅಂತಲೇ ಕರೆಯುತ್ತಾರೆ. ಬೆಳಗ್ಗೆ ಹಟ್ಟಿಯಿಂದ ಹೊರಟ ಕುರಿಗಳು ಸಂಜೆ ಅಷ್ಟೇ ವಾಪಸ್ ಬಂದವಾ ಎಂದು ಬಾಗಿಲಲ್ಲಿ ನಿಂತು ಎಣಿಸುವ ಕುರುಬನ ಕೆಲಸ ಇದರದು. ಫೇಸಿನಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು. ಲೆಕ್ಕ ತಪ್ಪಿತು ಎಂದರೆ ಎಲ್ಲೋ ಯಾರ ಮೂಲಕವೋ, ಯಾವ ಗೋಡೆಯ ಮೂಲಕವೋ ನೆಲಕ್ಕೆ ಸೋರುತ್ತಿದೆ ಎಂದೇ ಅರ್ಥ. 30 ಮಿಲಿಆಂಪಿನಷ್ಟು ಸೋರಿದರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ, ಇನ್ನೂ ಜಾಸ್ತಿ ಸೋರಿದರೆ ಇನ್ನೂ ಬೇಗ ಅದು ಸಂಪರ್ಕ ಕಡಿಯುತ್ತದೆ. ಶಾಕ್ ಹೊಡೆದ ಅನುಭವ ಆಗಿಯೇ ಆಗುತ್ತದೆ, ಜೀವ ಉಳಿಯುವ ಸಾಧ್ಯತೆ ತುಂಬಾ ಹೆಚ್ಚುತ್ತದೆ.

ನಿಮ್ಮ ಮನೆಯ ಬೋರ್ಡಿನಲ್ಲಿ ಇದೆಯಾ ಎಂದು ನೋಡುವುದು ಸುಲಭ. ಉಳಿದವಕ್ಕಿಂತ ಅಗಲವಾಗಿರುತ್ತದೆ, ಮುಖದ ಮೇಲೆ 'ಟಿ' ಅಥವಾ 'ಟೆಸ್ಟ್' ಎಂದು ಬರೆದ ಒಂದು ಪುಟ್ಟ ಬಟನ್ ಇರುತ್ತದೆ. ಪಕ್ಕದಲ್ಲೇ 30 ಮಿಲಿಆಂಪ್ ಅಥವಾ 0.03 ಆಂಪ್ ಎಂದು ಬರೆದಿರಬೇಕು. 100, 300 ಎಂದು ಇರುವವೂ ಸಿಗುತ್ತವೆ. ಅವು ಬೆಂಕಿ ತಡೆಯಲು ಸರಿ, ಮೈ ಕಾಪಾಡಲು ಸಾಲವು. ಹಬ್ಬದ ವೈರು ಎಳೆಯುವ ಮೊದಲು ಆ ಬಟನ್ ಒಮ್ಮೆ ಒತ್ತಿ. ಟಕ್ಕೆಂದು ಬೀಳಬೇಕು. ಬೀಳದಿದ್ದರೆ ಎಲೆಕ್ಟ್ರೀಷಿಯನ್ನಿಗೆ ಫೋನ್ ಮಾಡಿ.

ಕುರುಬನಿಗೂ ತಿಳಿಯದ ಸಂದರ್ಭಗಳಿವೆ. ಒಂದು ಕೈ ಫೇಸಿನ ಮೇಲೆ, ಇನ್ನೊಂದು ನ್ಯೂಟ್ರಲ್ ಮೇಲೆ ಇದ್ದರೆ ಹೋದ ಕರೆಂಟು ಲೆಕ್ಕಕ್ಕೆ ಸರಿಯಾಗಿ ವಾಪಸ್ ಬರುತ್ತದೆ. ಆರ್‌ಸಿಸಿಬಿ ಸುಮ್ನೆ ಇರುತ್ತದೆ. ಇನ್ನೊಂದು, ಮನೆಯ ಯುಪಿಎಸ್. ಕರೆಂಟು ಹೋದಾಗ ಹೊರಗಿನ ಸರ ಯುಪಿಎಸ್ ಲೈನಿನಲ್ಲಿದ್ದರೆ ಅದು ಬ್ಯಾಟರಿಯಿಂದ ಉರಿಯುತ್ತಿರುತ್ತದೆ. ಅದೂ 230 ವೋಲ್ಟೇ. ಮುಖ್ಯ ಬೋರ್ಡಿನ ಆರ್‌ಸಿಸಿಬಿ ಆಗ ಆ ಲೈನನ್ನು ಗಮನಿಸುತ್ತಲೇ ಇಲ್ಲದಿರಬಹುದು. "ಕರೆಂಟ್ ಹೋಗಿದೆ, ಈಗ್ಲೇ ವೈರ್ ಸರಿ ಮಾಡ್ಬಿಡ್ತೀನಿ" ಎಂದು ಏಣಿ ಹತ್ತುವುದು ಇದೇ ಕಾರಣಕ್ಕೆ ಬೇಡ. ಅಲಂಕಾರದ ಪ್ಲಗ್ಗನ್ನು ಯುಪಿಎಸ್ ಇಲ್ಲದ ಪಾಯಿಂಟಿಗೆ ಹಾಕಿಬಿಟ್ಟರೆ ಈ ತಲೆನೋವೇ ಇರುವುದಿಲ್ಲ.

ಗೇಟು, ಗ್ರಿಲ್ಲು, ಬಾಳೆಕಂದು

ಇನ್ಸುಲೇಷನ್ ಹರಿಯುವ ಜಾಗಗಳು ಗೊತ್ತಿರುವಂಥವೇ. ಗೇಟಿನ ಹಿಂಜು ತೆರೆದು ಮುಚ್ಚುವಾಗ ವೈರನ್ನು ಕಚ್ಚುತ್ತದೆ. ಕಿಟಕಿ ಬಾಗಿಲಿನ ಸಂದಿಯಲ್ಲಿ ತೂರಿಸಿದ ವೈರು ದಿನವೂ ಜಜ್ಜಿಹೋಗುತ್ತದೆ. ಗ್ರಿಲ್ಲಿನ ಬೆಸುಗೆ ಹಾಕಿದ ಜಾಗದಲ್ಲಿ ಚೂಪು ಉಳಿದಿರುತ್ತದೆ. ತಾರಸಿಯ ಮೇಲೆ ಬಟ್ಟೆ ಒಣಗಿಸುವ ತಂತಿಗೆ ಸರ ಸುತ್ತಿ, ಮರುದಿನ ಅದೇ ತಂತಿಗೆ ಒದ್ದೆ ಟವೆಲ್ ಹಾಕುವವರೂ ಇದ್ದಾರೆ. ತಗಡಿನ ಶೀಟಿನ ಅಂಚು ಬ್ಲೇಡಿಗಿಂತ ಕಮ್ಮಿಯೇನಲ್ಲ.

ಒಂದೇ ಒಂದು ಕಡೆ ಫೇಸ್ ತಂತಿ ಲೋಹಕ್ಕೆ ತಾಗಿದರೂ ಆ ಲೋಹ ಪೂರ್ತಿ 230 ವೋಲ್ಟ್ ಆಗಬಹುದು. ತಾಗಿದ್ದು ಮೇಲ್ಮಹಡಿಯ ರೇಲಿಂಗಿಗೆ, ಶಾಕ್ ಹೊಡೆಯುವುದು ಮೆಟ್ಟಿಲ ಕೆಳಗಿನ ಹಿಡಿಕೆಯಲ್ಲಿ, ಹೀಗೂ ಆಗಬಹುದು.

ಬಾಳೆಕಂದಿನ ವಿಷಯ ಯಾರೂ ಯೋಚಿಸುವುದಿಲ್ಲ. ಅದು ಹೆಚ್ಚಿನಂಶ ನೀರೇ. ಬಾಗಿಲ ಎರಡೂ ಬದಿ ಕಟ್ಟಿದ ಕಂದಿಗೆ ಸರ ಸುತ್ತಿದರೆ, ಹರಿದ ವೈರಿನ ಕರೆಂಟು ಅದರ ಮೂಲಕವೂ ಹರಿಯುತ್ತದೆ. ಹಸಿ ಮರಕ್ಕೂ ಇದೇ ಮಾತು. ತೆಂಗಿನ ಮರಕ್ಕೆ ಮೊಳೆ ಹೊಡೆದು ವೈರು ಸಿಕ್ಕಿಸುವಾಗ ಮೊಳೆ ವೈರಿನೊಳಗೇ ಹೋಗಿಬಿಟ್ಟರೆ ಮರಕ್ಕೆ ಕರೆಂಟು ಕೊಟ್ಟಂತೆಯೇ.

ಕಟ್ಟಲು ಪ್ಲಾಸ್ಟಿಕ್ ಟ್ಯಾಗ್ ಅಥವಾ ನೈಲಾನ್ ದಾರ ಸಾಕು. ಕಬ್ಬಿಣ ಕಟ್ಟುವ ಬೈಂಡಿಂಗ್ ವೈರ್ ಕೈಗೆ ಸಿಕ್ಕಿತೆಂದು ಅದರಲ್ಲಿ ಬಿಗಿಯಬೇಡಿ. ಬಿಗಿದಷ್ಟೂ ಇನ್ಸುಲೇಷನ್ ಒಳಗೆ ಕೊರೆಯುತ್ತದೆ. ನಿಜ ಹೇಳಬೇಕೆಂದರೆ, ನೇರ 230ರ ಸರವನ್ನು ಕಬ್ಬಿಣದ ಗೇಟಿಗೆ ಕಟ್ಟದೇ ಇರುವುದೇ ಲೇಸು. ಕಾಂಪೌಂಡಿನ ಗೋಡೆ ಇದೆ, ಸಜ್ಜದ ಅಂಚು ಇದೆ, ಕೈಗೆಟುಕದ ಎತ್ತರ ಇದೆ.

ಆಕಾಶಬುಟ್ಟಿ

ಉತ್ತರ ಕರ್ನಾಟಕದ ಆಕಾಶಬುಟ್ಟಿ, ಕರಾವಳಿಯ ಗೂಡುದೀಪ ಸರಕ್ಕಿಂತ ಬೇರೆ ಬಗೆ. ಇಲ್ಲಿ ಒಂದೇ ಬಲ್ಬು, ಆದರೆ ಹೋಲ್ಡರ್, ಎತ್ತರ, ಗಾಳಿ ಮೂರೂ ಸೇರುತ್ತವೆ. ಹೆಚ್ಚಿನ ಮನೆಗಳಲ್ಲಿ ಬುಟ್ಟಿಯ ಭಾರವನ್ನೆಲ್ಲ ವೈರೇ ಹೊತ್ತಿರುತ್ತದೆ. ಗಾಳಿಗೆ ಬುಟ್ಟಿ ತೂಗಿದಾಗೆಲ್ಲ ಹೋಲ್ಡರಿನ ಸ್ಕ್ರೂ ಹತ್ತಿರ ವೈರಿನ ಎಳೆಗಳು ಒಂದೊಂದೇ ತುಂಡಾಗುತ್ತವೆ. ಭಾರಕ್ಕೆ ಬೇರೆ ಹಗ್ಗ ಇರಲಿ, ವೈರು ಸಡಿಲವಾಗಿ ಇಳಿಬಿದ್ದಿರಲಿ. ಕಾಗದ, ಬಿದಿರಿನ ಒಳಗೆ ಹಳೇ 60 ವ್ಯಾಟಿನ ಗುಂಡು ಬಲ್ಬು ಬೇಡ. ಸಣ್ಣ ಎಲ್‌ಇಡಿ ಬಲ್ಬು ಬೆಳಕನ್ನೂ ಕೊಡುತ್ತದೆ, ಕಾಗದವನ್ನೂ ಸುಡುವುದಿಲ್ಲ. ಮಳೆನೀರು ವೈರಿನ ಮೇಲೇ ಜಾರಿಬಂದು ಹೋಲ್ಡರಿನೊಳಗೆ ಇಳಿಯದಂತೆ, ಹೋಲ್ಡರಿಗಿಂತ ಸ್ವಲ್ಪ ಕೆಳಗೆ ವೈರನ್ನು ಬಾಗಿಸಿ ಮತ್ತೆ ಮೇಲೆ ತಂದರೆ ನೀರು ಬಾಗಿದಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಗೋಡೆಯ ತೂತಿನಿಂದ ವೈರು ಒಳಗೆ ಬರುವ ಕಡೆಯೂ ಇದೇ ಉಪಾಯ.

ಬೆಂಕಿಕಡ್ಡಿ ಪ್ಲಗ್ಗು ಮತ್ತು ಟೇಪು

ಪ್ಲಗ್ ಮುರಿದುಹೋದರೆ ವೈರಿನ ಎರಡು ತುದಿ ಸುಲಿದು, ಸಾಕೆಟ್ಟಿನ ತೂತಿಗೆ ತುರುಕಿ, ಜಾರದಂತೆ ಬೆಂಕಿಕಡ್ಡಿ ಸಿಕ್ಕಿಸುವ ವಿದ್ಯೆ ನಮ್ಮ ದೇಶದಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿ ತಾಮ್ರ ಬಯಲಿಗೇ ಕಾಣುತ್ತಿರುತ್ತದೆ. ಸಡಿಲವಾಗಿ ಕೂತ ಎಳೆಗಳು ಕಿಡಿ ಹಾರಿಸುತ್ತವೆ, ಆ ಕಿಡಿಯ ಪಕ್ಕದಲ್ಲೇ ಬೆಂಕಿಕಡ್ಡಿ! ಒಂದು ಪ್ಲಗ್ಗಿಗೆ ಆಗುವ ಖರ್ಚು ಒಂದು ಪ್ಯಾಕೆಟ್ ಸುರ್‌ಸುರ್‌ಬತ್ತಿಗೂ ಸಮವಲ್ಲ.

ವೈರಿಗೆ ವೈರು ತಿರುಚಿ ಟೇಪ್ ಸುತ್ತಿದ ಜಾಯಿಂಟು ಒಳಗೆ ನಡೆದೀತು, ಮಳೆಗೆ ನಡೆಯುವುದಿಲ್ಲ. ಬಿಸಿಲಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಜಾಯಿಂಟೇ ಬರದಷ್ಟು ಉದ್ದದ ವೈರು ತನ್ನಿ. ಎಕ್ಸ್‌ಟೆನ್ಷನ್ ಬೋರ್ಡು ಒಳಗೇ ಇರಲಿ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹೊರಗಿಟ್ಟರೆ ಕವರಿನೊಳಗೇ ನೀರು ನಿಲ್ಲುತ್ತದೆ. ಹ್ಯಾಲೊಜೆನ್, ಫ್ಲಡ್ ಲೈಟುಗಳಂಥ ಲೋಹದ ಮೈಯ ದೀಪಕ್ಕೆ ಮೂರು ಪಿನ್ನಿನ ಪ್ಲಗ್ಗೇ ಬೇಕು, ಆ ಮೂರನೇ ಪಿನ್ನಿಗೆ ಹಸಿರು ವೈರು ನಿಜವಾಗಿಯೂ ಜೋಡಣೆಯಾಗಿರಬೇಕು.

ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಸರ ಮಂಕಾಗಿ ಉರಿಯುತ್ತಲೇ ಇದೆಯಾ? ಒಂದು ಕಾರಣ, ಎಲೆಕ್ಟ್ರೀಷಿಯನ್ ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್‌ಗೆ ಹಾಕಿರಬಹುದು. ಹಾಗಿದ್ದರೆ ಆರಿಸಿದಾಗಲೂ ಫೇಸ್ ಹೊರಗೇ ಇರುತ್ತದೆ. ಬೇರೆ ನಿರುಪದ್ರವಿ ಕಾರಣಗಳೂ ಉಂಟು, ಆದರೂ ತೋರಿಸುವುದು ಒಳ್ಳೆಯದು. ಮುಟ್ಟುವ ಮೊದಲು ಸ್ವಿಚ್ಚನ್ನು ನಂಬದೆ ಪ್ಲಗ್ಗನ್ನೇ ಕೀಳಬೇಕು ಅನ್ನುವುದು ಇದಕ್ಕೇ.

ಅಂಗಡಿಯಲ್ಲಿ ಏನು ಕೇಳಬೇಕು

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಾಗಲಿ, ನಿಮ್ಮೂರಿನ ಸಂತೆಯಲ್ಲಾಗಲಿ, ಕೇಳಬೇಕಾದ್ದು ಇಷ್ಟೇ: "ಅಡಾಪ್ಟರ್ ಇರೋ ಸೆಟ್ ಇದೆಯಾ?" ಅಡಾಪ್ಟರ್ 230ನ್ನು 12 ಅಥವಾ 24 ವೋಲ್ಟಿಗೆ ಇಳಿಸುತ್ತದೆ. ಫೋನ್ ಚಾರ್ಜರಿಗೆ ಹಾಕುವ ಯುಎಸ್‌ಬಿ ಸರ ಇನ್ನೂ ಕಮ್ಮಿ, 5 ವೋಲ್ಟ್. ಅಡಾಪ್ಟರ್ ಮನೆಯೊಳಗಿನ ಸಾಕೆಟ್ಟಿನಲ್ಲಿದ್ದು ಇಳಿದ ವೋಲ್ಟೇಜ್ ಮಾತ್ರ ಹೊರಗೆ ಹೋದರೆ 230 ಗೋಡೆಯಿಂದಾಚೆ ಬರುವುದೇ ಇಲ್ಲ. ಗೇಟಿಗೆ, ಗ್ರಿಲ್ಲಿಗೆ ಕಟ್ಟುವುದಾದರೆ ಇಂಥದ್ದೇ ಇರಲಿ. ಹೆಸರಿಲ್ಲದ ಅಗ್ಗದ ಅಡಾಪ್ಟರಿನೊಳಗೆ ಒಳಬರುವ ಕರೆಂಟನ್ನೂ ಹೊರಹೋಗುವುದನ್ನೂ ಸರಿಯಾಗಿ ಬೇರ್ಪಡಿಸಿರುತ್ತಾರೆ ಅನ್ನುವ ಭರವಸೆ ಇಲ್ಲ; ಸರ್ಕಾರದ ಗುಣಮಟ್ಟದ ಗುರುತಾದ ಬಿಐಎಸ್ ನೋಡಿ ಕೊಳ್ಳಿ. ಸೋಲಾರ್ ಸರಗಳು ಮೇನ್ಸಿಗೆ ತಾಗುವುದೇ ಇಲ್ಲ, ಬೆಳಕು ಮಾತ್ರ ಸ್ವಲ್ಪ ಡಿಮ್ಮು.

ಡಬ್ಬಿಯ ಮೇಲೆ ಐಪಿ ಎಂದು ಬರೆದು ಎರಡು ಅಂಕಿ ಇರುತ್ತದೆ. ಮೊದಲನೆಯದು ದೂಳಿಗೆ, ಎರಡನೆಯದು ನೀರಿಗೆ. ಐಪಿ20 ಎಂದರೆ ನೀರಿನಿಂದ ರಕ್ಷಣೆಯೇ ಇಲ್ಲ, ಮನೆಯೊಳಗೆ ಮಾತ್ರ. ಐಪಿ44 ಹನಿ ಸಿಡಿದರೆ ತಡೆಯುತ್ತದೆ, ಸಜ್ಜದ ಕೆಳಗೆ ಸಾಕು. ಬಯಲಿಗೆ ಐಪಿ65 ಬೇಕು. ಈ ಅಂಕಿ ಸರಕ್ಕೆ ಮಾತ್ರವಾ, ಪ್ಲಗ್ಗಿನ ಡಬ್ಬಿಗೂ ಸೇರಿಯಾ ಎಂದು ನೋಡಿಕೊಳ್ಳಿ. ಎಷ್ಟೋ ಸಲ ಸರ ಮಾತ್ರ ವಾಟರ್‌ಪ್ರೂಫ್ ಇರುತ್ತದೆ.

ತಲೆಯ ಮೇಲಿನ ಲೈನು

ಇಲ್ಲಿಯವರೆಗೆ ಹೇಳಿದ್ದೆಲ್ಲ 230ರ ಮಾತು. ಬಾಲ್ಕನಿಯ ಎದುರು ಹಾದುಹೋಗುವ ಲೈನು 11 ಕೆವಿ ಇರಬಹುದು, ಅಂದರೆ 11,000 ವೋಲ್ಟ್. ಆ ತಂತಿಗಳಿಗೆ ಸಾಮಾನ್ಯವಾಗಿ ಇನ್ಸುಲೇಷನ್ ಇರುವುದಿಲ್ಲ. ಕಟ್ಟಡಕ್ಕೂ ಅಂಥ ಲೈನಿಗೂ ಅಡ್ಡಕ್ಕೆ ಕನಿಷ್ಠ 1.2 ಮೀಟರ್, ಲೈನು ಮೇಲೆ ಹಾದುಹೋದರೆ 3.7 ಮೀಟರ್ ಅಂತರ ಇರಬೇಕು ಎಂದು ನಿಯಮ. ಕೈಯಲ್ಲಿ ಅಲ್ಯೂಮಿನಿಯಂ ಏಣಿಯೋ ಕಬ್ಬಿಣದ ಪೈಪೋ ಇದ್ದರೆ ಆ ಅಂತರ ಒಂದೇ ಹೆಜ್ಜೆಗೆ ಖಾಲಿ. ಮರದ ಮೇಲೆ ಸರ ಬೀಸಿ ಎಸೆಯುವುದೂ ಹಾಗೇ.

2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟರೊಬ್ಬರ ಹುಟ್ಟುಹಬ್ಬಕ್ಕೆಂದು ರಾತ್ರಿ ಕಟೌಟ್ ನಿಲ್ಲಿಸುವಾಗ ಅದು ವಿದ್ಯುತ್ ತಂತಿಗೆ ತಗುಲಿ ಮೂವರು ಯುವಕರು ಸತ್ತರು. ಏಣಿ ಎತ್ತುವ ಮೊದಲು, ಹಗಲು ಬೆಳಕಿನಲ್ಲಿ, ತಲೆಯೆತ್ತಿ ನೋಡಿ. ಲೈನು ಹತ್ತಿರವಿದ್ದರೆ ಆ ಕಡೆಯ ಅಲಂಕಾರ ಬಿಟ್ಟುಬಿಡಿ. ತುಂಡಾಗಿ ಬಿದ್ದ ತಂತಿ ಕಂಡರೆ ದೂರ ನಿಂತು 1912ಕ್ಕೆ ಫೋನ್ ಮಾಡಿ.

ಯಾರಿಗಾದರೂ ಹೊಡೆದರೆ

ಹಿಡಿದು ಎಳೆಯಲು ಹೋಗಬೇಡಿ. ಅವರ ಮೈಯಲ್ಲಿರುವ ಕರೆಂಟು ನಿಮಗೂ ಬರುತ್ತದೆ. ಮೊದಲು ಪ್ಲಗ್ ಅಥವಾ ಮೇನ್ ಸ್ವಿಚ್. ಅದು ದೂರವಿದ್ದರೆ ಒಣಗಿದ ಕೋಲಿನಿಂದ ಅಥವಾ ಪ್ಲಾಸ್ಟಿಕ್ ಕುರ್ಚಿಯಿಂದ ವೈರನ್ನು ದೂರ ತಳ್ಳಿ, ನಿಮ್ಮ ಕಾಲ ಕೆಳಗೂ ಒಣಗಿರಬೇಕು. ಈ ಕೋಲಿನ ಉಪಾಯ ಮನೆಯ 230ಕ್ಕೆ ಮಾತ್ರ. 11 ಕೆವಿ ಲೈನಾದರೆ ವಿದ್ಯುತ್ ಕಂಪನಿಯವರು ಲೈನ್ ಕಡಿಯುವ ತನಕ ಹತ್ತಿರ ಹೋಗುವಂತಿಲ್ಲ.

ಬಿಡಿಸಿದ ಮೇಲೆ 108ಕ್ಕೆ ಫೋನ್ ಮಾಡಿಸಿ. ಎಚ್ಚರವಿಲ್ಲ, ಉಸಿರೂ ಆಡುತ್ತಿಲ್ಲ ಎಂದಾದರೆ ಆಂಬುಲೆನ್ಸ್ ಬರುವವರೆಗೆ ಕಾಯದೆ ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದು ಇಟ್ಟು ಒತ್ತಲು ಶುರು ಮಾಡಿ. ದೊಡ್ಡವರಿಗಾದರೆ ಸುಮಾರು 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಇನ್ನು ಶಾಕ್ ಹೊಡೆಸಿಕೊಂಡವರು ಎದ್ದು ಕೂತು "ಏನೂ ಆಗಿಲ್ಲ, ಬಿಡಿ" ಎಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಒಂದು ಇಸಿಜಿ ಮಾಡಿಸಿ. ಚರ್ಮದ ಮೇಲೆ ಚುಕ್ಕಿಯಷ್ಟೇ ಸುಟ್ಟಿದ್ದರೂ ಒಳಗಿನ ಗಾಯ ದೊಡ್ಡದಿರಬಹುದು, ಹೃದಯದ ಲಯ ಕೆಟ್ಟಿದ್ದರೆ ಅದು ಹೊರಗೆ ಕಾಣುವುದಿಲ್ಲ.